ಕೆ.ಜಿ. ಎಂಬ ಎರಡಕ್ಷರದ ಹಿಂದೆ

ಎಲ್‌ಕೆಜಿ, ಯುಕೆಜಿ ಎಂಬ ಪದಗಳು ಇಂದು ನಮ್ಮ ಮನೆಗಳಲ್ಲಿ ಹಾಲು, ಮೊಸರು ಎಂಬ ಪದಗಳಷ್ಟೇ ಸಲೀಸು. ಇಂಗ್ಲಿಷಿನ ಗಂಧವಿಲ್ಲದ ಅಜ್ಜಿಯೂ ಮೊಮ್ಮಗ ಯುಕೆಜಿಗೆ ಬಂದನೆಂದು ಹೆಮ್ಮೆಯಿಂದ ಹೇಳುತ್ತಾಳೆ. ಆದರೆ ಈ ಕೆ.ಜಿ. ಎಂದರೇನು ಎಂದು ಕೇಳಿ ನೋಡಿ. ಕೆಲವರು ಕಿಂಡರ್‌ಗಾರ್ಟನ್ ಎಂದಾರು. ಅದರ ಅರ್ಥವೇನೆಂದು ಕೇಳಿದರೆ ಮೌನ. ಜರ್ಮನ್ ಭಾಷೆಯಲ್ಲಿ 'ಕಿಂಡರ್' ಎಂದರೆ ಮಕ್ಕಳು, 'ಗಾರ್ಟನ್' ಎಂದರೆ ತೋಟ. ಮಕ್ಕಳ ತೋಟಕ್ಕೆ ಮಗುವನ್ನು ಸೇರಿಸುತ್ತೇವೆಂದು ಹೊರಟ ನಾವು ಮೂರು ವರ್ಷದ ಕೂಸಿನ ಬೆನ್ನಿಗೆ ಚೀಲ ಏರಿಸಿ, ನಾಲ್ಕು ಗೆರೆಯ ಪುಸ್ತಕದಲ್ಲಿ ಅಕ್ಷರ ತಿದ್ದಿಸಿ, ರಾತ್ರಿ ಮನೆಗೆಲಸ ಮಾಡಿಸಿ ಮಲಗಿಸುತ್ತೇವೆ. ತೋಟ ಹೋಗಿ ಗಿರಣಿಯಾದದ್ದು ಎಲ್ಲಿ, ಹೇಗೆ? ಇದನ್ನು ತಿಳಿಯಬೇಕಾದರೆ ಸುಮಾರು ಎರಡು ಶತಮಾನ ಹಿಂದಕ್ಕೆ, ಜರ್ಮನಿಯ ತುರಿಂಜಿಯ ಎಂಬ ಕಾಡು-ಗುಡ್ಡಗಳ ಸೀಮೆಗೆ ಹೋಗಬೇಕು.

ಆ ಸೀಮೆಯ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ 1782ರ ಏಪ್ರಿಲ್ 21ರಂದು ಲೂಥರನ್ ಸಭೆಯ ಪಾದ್ರಿಯೊಬ್ಬರ ಮನೆಯಲ್ಲಿ ಫ್ರೆಡರಿಕ್ ಫ್ರೋಬೆಲ್ ಹುಟ್ಟಿದ. ಮಗುವಿಗೆ ಇನ್ನೂ ವರ್ಷ ತುಂಬುವ ಮುನ್ನವೇ ತಾಯಿ ತೀರಿಕೊಂಡರು. ತಂದೆಗೆ ಸಭೆಯ ಕೆಲಸವೇ ಕೆಲಸ. ಹಲವು ಹಳ್ಳಿಗಳ ಸಾವಿರಾರು ಜನರ ಆತ್ಮಗಳ ಪಾಲನೆ ಅವರ ಹೆಗಲ ಮೇಲಿತ್ತು. ಮಲತಾಯಿ ಬಂದರು, ತನ್ನದೇ ಮಗು ಹುಟ್ಟಿದ ಮೇಲೆ ಈ ಹುಡುಗನಿಂದ ದೂರ ಸರಿದರು. ಮಂದಬುದ್ಧಿಯವನೆಂದು ತಂದೆಯೂ ಬಗೆದು, ಊರಿನ ಹೆಣ್ಣುಮಕ್ಕಳ ಶಾಲೆಗೆ ಕಳುಹಿಸಿದರು. ಎತ್ತರದ ಬೇಲಿಯ ಒಳಗಿನ ಪಾದ್ರಿಮನೆಯ ತೋಟದಲ್ಲಿ ಒಂಟಿಯಾಗಿ ಹೂ, ಎಲೆ, ಹುಳುಗಳ ಜೊತೆ ಮಾತಾಡಿಕೊಂಡು ಬೆಳೆದ ಹುಡುಗ ಅವನು. ಊರಿನವರ ಮಕ್ಕಳನ್ನೆಲ್ಲ ದೇವರೆಡೆಗೆ ನಡೆಸುವ ಮನೆಯಲ್ಲಿ ಮನೆಯ ಮಗುವಿಗೇ ಮಡಿಲಿಲ್ಲದೆ ಹೋಯಿತು. ಧರ್ಮಸೇವೆಯಲ್ಲಿರುವ ನಮ್ಮಂಥವರು ಈ ಸಾಲಿನ ಬಳಿ ತುಸು ನಿಂತು ಮುಂದೆ ಹೋಗಬೇಕು.

ಹತ್ತನೆಯ ವಯಸ್ಸಿಗೆ ತಾಯಿಯ ಕಡೆಯ ಸೋದರಮಾವ ಅವನನ್ನು ತನ್ನೂರಿಗೆ ಕರೆದೊಯ್ದ. ಅಲ್ಲಿ ಮೊದಲ ಬಾರಿಗೆ ಓರಗೆಯ ಹುಡುಗರೊಡನೆ ಓಡಿ, ಬಿದ್ದು, ಎದ್ದು ಆಡಿದ. ತನಗೆ ಆಟ ಬರುವುದಿಲ್ಲ, ಕೈಕಾಲು ಉಳಿದವರಂತೆ ಚುರುಕಿಲ್ಲ ಎಂಬುದು ಅಲ್ಲಿ ಅವನಿಗೆ ಅರಿವಾಯಿತಂತೆ. ಆಟವೂ ಬಾಲ್ಯದಲ್ಲಿ ಕಲಿಯಬೇಕಾದ ವಿದ್ಯೆ, ಆ ಕಾಲ ಕಳೆದರೆ ಬಲು ಕಷ್ಟ ಎಂಬ ಅವನ ಮುಂದಿನ ಚಿಂತನೆಗೆ ಬೇರು ಇಲ್ಲಿರಬಹುದೆಂದು ನಾನು ಭಾವಿಸುತ್ತೇನೆ.

ಮುಂದಿನ ಇಪ್ಪತ್ತು ವರ್ಷ ಅಲೆದಾಟದ ಕಾಲ. ಅರಣ್ಯಾಧಿಕಾರಿಯ ಬಳಿ ಶಿಷ್ಯವೃತ್ತಿ, ಯೇನಾ ವಿಶ್ವವಿದ್ಯಾಲಯದಲ್ಲಿ ಅರೆಬರೆ ಓದು, ಸಾಲ ತೀರಿಸಲಾಗದೆ ಒಂಬತ್ತು ವಾರ ಸೆರೆಮನೆ, ಭೂಮಾಪನ, ಲೆಕ್ಕಪತ್ರದ ಕೆಲಸ. 1805ರಲ್ಲಿ ಕಟ್ಟಡಶಿಲ್ಪ ಕಲಿಯಲೆಂದು ಫ್ರಾಂಕ್‌ಫರ್ಟಿಗೆ ಬಂದವನು ಅಲ್ಲಿನ ಒಂದು ಶಾಲೆಯಲ್ಲಿ ಅಚಾನಕ್ಕಾಗಿ ಮೇಷ್ಟ್ರಾದ. ನೀರಿಗೆ ಬಿದ್ದ ಮೀನಿನಂತಾಯಿತು. ಅಲ್ಲಿಂದ ಸ್ವಿಟ್ಜರ್ಲೆಂಡಿನ ಇವೆರ್ಡನ್‌ನಲ್ಲಿದ್ದ ಮಹಾನ್ ಶಿಕ್ಷಕ ಪೆಸ್ಟಾಲಜಿಯ ಬಳಿಗೆ ಹೋಗಿ 1808ರಿಂದ 1810ರವರೆಗೆ ಇದ್ದ. ಪುಸ್ತಕದ ಮಾತಿಗಿಂತ ಮೊದಲು ವಸ್ತು ಮಗುವಿನ ಕೈಗೆ, ಕಣ್ಣಿಗೆ ಸಿಗಬೇಕು ಎಂಬುದು ಪೆಸ್ಟಾಲಜಿಯ ಮೂಲಮಂತ್ರ. 1813ರಲ್ಲಿ ನೆಪೋಲಿಯನ್ನನ ವಿರುದ್ಧದ ಸ್ವಯಂಸೇವಕ ದಳ ಸೇರಿದಾಗ ಮಿಡೆನ್‌ಡಾರ್ಫ್, ಲಾಂಗೆಥಾಲ್ ಎಂಬ ಇಬ್ಬರು ದೇವಶಾಸ್ತ್ರದ ವಿದ್ಯಾರ್ಥಿಗಳು ಜೀವನದ ಗೆಳೆಯರಾದರು. ಯುದ್ಧ ಮುಗಿದ ಮೇಲೆ ಬರ್ಲಿನ್ ವಿಶ್ವವಿದ್ಯಾಲಯದ ಖನಿಜ ಸಂಗ್ರಹಾಲಯದಲ್ಲಿ ಸಹಾಯಕನ ಕೆಲಸ. ಅಲ್ಲಿ ಹರಳುಗಳನ್ನು ಜೋಡಿಸುತ್ತ, ಒರೆಸುತ್ತ, ಜಡವಾದ ಕಲ್ಲು ಕೂಡ ಒಳಗಿನ ಒಂದು ನಿಯಮಕ್ಕೆ ಮಣಿದು ಘನವಾಗಿ, ಪಟ್ಟಕವಾಗಿ ಬೆಳೆಯುವುದನ್ನು ಕಂಡು ಬೆರಗಾದ. ಕಲ್ಲಿಗೇ ಒಳನಿಯಮವಿದ್ದರೆ ಮಗುವಿಗೆ ಇರದೇ?

1816ರಲ್ಲಿ ತನ್ನ ಅಣ್ಣಂದಿರ ಐವರು ಮಕ್ಕಳನ್ನೇ ವಿದ್ಯಾರ್ಥಿಗಳಾಗಿಟ್ಟುಕೊಂಡು ಒಂದು ಶಾಲೆ ತೆರೆದ. ಮರುವರ್ಷ ಅದು ಕೈಲ್‌ಹಾವ್ ಎಂಬ ಹಳ್ಳಿಗೆ ಹೋಯಿತು. 1826ರಲ್ಲಿ 'ಮಾನವನ ಶಿಕ್ಷಣ' ಎಂಬ ಅವನ ಮುಖ್ಯ ಗ್ರಂಥ ಹೊರಬಂತು. ಓದಲು ಬಹಳ ಕಠಿಣವಾದ ಪುಸ್ತಕ. ವಾಕ್ಯದೊಳಗೆ ವಾಕ್ಯ, ಅದರೊಳಗೆ ಇನ್ನೊಂದು. ಆದರೆ ಅದರ ನಡುವೆ, ಶೈಶವದಲ್ಲಿ ಮಗು ಮಾಡುವ ಅತಿ ಉನ್ನತವಾದ ಕೆಲಸವೆಂದರೆ ಆಟವೇ, ಅದು ಕಾಲಹರಣವಲ್ಲ, ಒಳಗಿರುವುದು ಹೊರಗೆ ಬರುವ ದಾರಿ ಎಂಬ ವಿಚಾರ ನೀರೊರತೆಯಂತೆ ಚಿಮ್ಮುತ್ತದೆ. ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಕೆಲವು ವರ್ಷ. ಲೂಸರ್ನ್ ಪ್ರಾಂತ್ಯದ ವಿಲ್ಲಿಸಾವ್‌ನಲ್ಲಿ ಶಾಲೆ ನಡೆಸುತ್ತಿದ್ದಾಗ ಅಲ್ಲಿನ ನಮ್ಮ ಕಥೋಲಿಕ ಗುರುಗಳೇ ಅವನನ್ನು ಪಾಷಂಡಿಯೆಂದು ವಿರೋಧಿಸಿದರೆಂಬುದನ್ನು ಇಲ್ಲಿ ಮುಚ್ಚಿಡುವುದು ನ್ಯಾಯವಲ್ಲ. 1835ರಲ್ಲಿ ಬುರ್ಗ್‌ಡಾರ್ಫಿನ ಅನಾಥಾಲಯದ ಹೊಣೆ ಹೊತ್ತಾಗ ಅವನಿಗೆ ಒಂದು ವಿಷಯ ಸ್ಪಷ್ಟವಾಯಿತು: ಶಾಲೆಗೆ ಬರುವ ಹೊತ್ತಿಗೆ ಮಗುವಿನ ಬಹುಪಾಲು ಕಟ್ಟೋಣ ಮುಗಿದಿರುತ್ತದೆ. ಅಡಿಪಾಯ ಹಾಕುವವರು ತಾಯಂದಿರು. ಆದರೆ ಅವರಿಗೆ ಆ ಕೆಲಸವನ್ನು ಯಾರೂ ಕಲಿಸಿಲ್ಲ, ಗೌರವಿಸಿಯೂ ಇಲ್ಲ.

ಸಣ್ಣ ಮಕ್ಕಳಿಗೆ ಆ ಕಾಲದಲ್ಲಿ ಏನೂ ಇರಲಿಲ್ಲವೆಂದಲ್ಲ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್‌ನ ಹತ್ತಿಗಿರಣಿಯಲ್ಲಿ ರಾಬರ್ಟ್ ಓವನ್ 1816ರಲ್ಲಿ ಕಾರ್ಮಿಕರ ಮಕ್ಕಳಿಗಾಗಿ ಶಿಶುಶಾಲೆ ತೆರೆದಿದ್ದ. ಅಲ್ಲಿ ಹಾಡು, ಕುಣಿತಕ್ಕೆ ಜಾಗವಿತ್ತು. ಆದರೆ ಅದನ್ನು ನೋಡಿ ಹುಟ್ಟಿಕೊಂಡ ಅನೇಕ ಶಿಶುಶಾಲೆಗಳಲ್ಲಿ ಮಕ್ಕಳನ್ನು ಮೆಟ್ಟಿಲುಮೆಟ್ಟಿಲಾದ ಕಟ್ಟೆಯ ಮೇಲೆ ಕೂರಿಸಿ ಒಕ್ಕೊರಲಿನಲ್ಲಿ ಒಪ್ಪಿಸುವ ಪಾಠ ಶುರುವಾಯಿತು. ಜರ್ಮನಿಯಲ್ಲಿದ್ದವು ತಾಯಿ-ತಂದೆ ದುಡಿದು ಬರುವವರೆಗೆ ಮಕ್ಕಳು ಬೀದಿಪಾಲಾಗದಂತೆ ಕೂಡಿಹಾಕುವ ಕಾವಲು ಮನೆಗಳು. ಕಾವಲು, ಇಲ್ಲವೇ ಕಂಠಪಾಠ. ಇವೆರಡರ ಆಚೆಗೆ ಮೂರನೆಯದೊಂದಿದೆ ಎಂದು ತೋರಿಸಿದ್ದು ಫ್ರೋಬೆಲನ ಹಿರಿಮೆ.

1837ರಲ್ಲಿ, ಐವತ್ತೈದರ ವಯಸ್ಸಿನಲ್ಲಿ, ಕೈಲ್‌ಹಾವ್‌ಗೆ ಹತ್ತಿರದ ಬ್ಲಾಂಕೆನ್‌ಬುರ್ಗ್ ಎಂಬ ಪುಟ್ಟ ಪಟ್ಟಣದಲ್ಲಿ ಸಣ್ಣ ಮಕ್ಕಳ ಆಟ-ಚಟುವಟಿಕೆಗಳ ಒಂದು ಸಂಸ್ಥೆ ಆರಂಭಿಸಿದ. ಸಂಸ್ಥೆಗೆ ಉದ್ದುದ್ದ ಹೆಸರು. ಅದು ಅವನಿಗೇ ಒಗ್ಗಲಿಲ್ಲ. ಕೊನೆಗೊಂದು ದಿನ ಗೆಳೆಯರೊಡನೆ ಗುಡ್ಡದ ದಾರಿಯಲ್ಲಿ ನಡೆದುಬರುತ್ತಿದ್ದಾಗ ಕೆಳಗಿನ ಕಣಿವೆ ಹಸಿರು ತೋಟದಂತೆ ಹರಡಿಕೊಂಡದ್ದನ್ನು ಕಂಡು ಥಟ್ಟನೆ ನಿಂತು, ಹೆಸರು ಸಿಕ್ಕಿತೆಂದು ಕೂಗಿದನೆಂದು ಜೊತೆಗಿದ್ದ ಬಂಧು ಬಾರೋಪ್ ಬರೆದಿಟ್ಟಿದ್ದಾನೆ. 1840ರ ಜೂನ್ 28ರಂದು, ಗುಟೆನ್‌ಬರ್ಗನ ಮುದ್ರಣಕಲೆಯ ನಾನೂರನೆಯ ವರ್ಷದ ಉತ್ಸವದ ಸಂದರ್ಭದಲ್ಲಿ, ಕಿಂಡರ್‌ಗಾರ್ಟನ್ ಎಂಬ ಹೆಸರು ಲೋಕಕ್ಕೆ ಪ್ರಕಟವಾಯಿತು. ಅಕ್ಷರಲೋಕದ ಹಬ್ಬದ ದಿನವೇ ಅಕ್ಷರಕ್ಕೆ ಮುಂಚಿನ ಶಿಕ್ಷಣಕ್ಕೆ ನಾಮಕರಣ! ಅಂದಹಾಗೆ, ಇಂಗ್ಲಿಷಿನವರು ಆ ಪದವನ್ನು ಅನುವಾದಿಸದೆ ಹಾಗೆಯೇ ಎತ್ತಿಕೊಂಡರು. ನಮ್ಮ ಹಿರಿಯರು 'ಶಿಶುವಿಹಾರ' ಎಂಬ ಸೊಗಸಾದ ಹೆಸರಿಟ್ಟರು. ಅದರಲ್ಲಿ ತೋಟವೂ ಇದೆ, ಅಡ್ಡಾಟವೂ ಇದೆ. ಆ ಪದವನ್ನು ಬಿಟ್ಟು ಎರಡು ಇಂಗ್ಲಿಷ್ ಅಕ್ಷರಕ್ಕೆ ನಾವು ಜೋತುಬಿದ್ದದ್ದು ನನಗಂತೂ ನಷ್ಟವೆಂದೇ ತೋರುತ್ತದೆ.

ಆ ತೋಟದಲ್ಲಿ ಏನು ನಡೆಯುತ್ತಿತ್ತು? ಮೊದಲನೆಯದಾಗಿ ಅದು ನಿಜಕ್ಕೂ ತೋಟವಾಗಿತ್ತು. ಪ್ರತಿ ಮಗುವಿಗೂ ತನ್ನದೇ ಒಂದು ತುಂಡು ಪಾತಿ. ಸುತ್ತ ಎಲ್ಲರಿಗೂ ಸೇರಿದ ಸಾಮಾನ್ಯ ಪಾತಿ. ತನ್ನ ಗಿಡಕ್ಕೂ ನೀರೆರೆಯಬೇಕು, ಎಲ್ಲರ ಗಿಡಕ್ಕೂ ಎರೆಯಬೇಕು. ಮಕ್ಕಳು ವೃತ್ತವಾಗಿ ಕೈಹಿಡಿದು ಹಾಡುತ್ತ ಹಕ್ಕಿ, ಮೀನು, ಗಿರಣಿಚಕ್ರಗಳಾಗುವ ಆಟಗಳಿದ್ದವು. ಕಾಗದ ಮಡಿಸುವುದು, ಪಟ್ಟಿ ಹೆಣೆಯುವುದು, ಜೇಡಿಮಣ್ಣಿನಲ್ಲಿ ಆಕೃತಿ ಮಾಡುವುದು ಇತ್ತು. ಇವೆಲ್ಲಕ್ಕಿಂತ ಹೆಸರಾದವು ಅವನು 'ಕೊಡುಗೆ'ಗಳೆಂದು ಕರೆದ ಆಟದ ವಸ್ತುಗಳು.

ಮೊದಲ ಕೊಡುಗೆ ದಾರ ಕಟ್ಟಿದ ಆರು ಬಣ್ಣದ ಮೆದುವಾದ ಉಣ್ಣೆಯ ಚೆಂಡುಗಳು. ಹಾಲುಗೂಸಿನ ಮುಷ್ಟಿಗೂ ನಿಲುಕುವಂಥವು. ತಾಯಿ ದಾರ ಹಿಡಿದು ಚೆಂಡನ್ನು ತೂಗುತ್ತಾಳೆ, ಅಡಗಿಸುತ್ತಾಳೆ, ಮತ್ತೆ ತೋರಿಸುತ್ತಾಳೆ. ಇದ್ದದ್ದು ಇಲ್ಲವಾಗುತ್ತದೆ, ಇಲ್ಲವಾದದ್ದು ಮರಳಿ ಬರುತ್ತದೆ. ಮಗುವಿನ ಮೊದಲ ತತ್ವಶಾಸ್ತ್ರ ಇದೇ. ಎರಡನೆಯದು ಮರದ ಗುಂಡು, ಘನ ಮತ್ತು ಉರುಳೆ. ಗುಂಡು ಎಲ್ಲಿಟ್ಟರೂ ಉರುಳುತ್ತದೆ, ಘನ ಇಟ್ಟಲ್ಲೇ ಕೂರುತ್ತದೆ, ಉರುಳೆ ನಿಲ್ಲಿಸಿದರೆ ನಿಲ್ಲುತ್ತದೆ, ಮಲಗಿಸಿದರೆ ಉರುಳುತ್ತದೆ. ಮೂರನೆಯದು ಎಂಟು ಪುಟ್ಟ ಘನಗಳಿಂದಾದ ಒಂದು ಘನ. ಇದನ್ನು ಕೊಡುವ ರೀತಿಯೇ ಚೆಂದ: ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಮುಚ್ಚಳ ಸರಿಸಿ, ಪೆಟ್ಟಿಗೆಯನ್ನು ಮೆಲ್ಲಗೆ ಎತ್ತಬೇಕು. ಮಗುವಿನ ಮುಂದೆ ಇಡಿಯಾದ ಘನ ನಿಲ್ಲುತ್ತದೆ. ಅದನ್ನು ಬಿಡಿಸಿದರೆ ಎರಡು ಅರ್ಧ, ನಾಲ್ಕು ಕಾಲು, ಎಂಟು ಅರೆಕಾಲು. ಮಗು ಅದರಲ್ಲಿ ಕುರ್ಚಿ, ಮೆಟ್ಟಿಲು, ಸೇತುವೆ, ದೇವಾಲಯದ ಗೋಪುರ ಏನನ್ನಾದರೂ ಕಟ್ಟಲಿ. ಆಟ ಮುಗಿದ ಮೇಲೆ ಎಲ್ಲ ತುಂಡುಗಳೂ ಸೇರಿ ಮತ್ತೆ ಒಂದೇ ಘನವಾಗಿ ಪೆಟ್ಟಿಗೆ ಸೇರಬೇಕು. ಮುಂದಿನ ಕೊಡುಗೆಗಳಲ್ಲಿ ಇಟ್ಟಿಗೆಯಾಕಾರದ ತುಂಡುಗಳು, ಓರೆಯಾಗಿ ಕೊಯ್ದ ತುಂಡುಗಳು ಬರುತ್ತವೆ. ಐದನೆಯದರಲ್ಲಿ ತುಂಡುಗಳ ಸಂಖ್ಯೆ 39.

ಇದರಲ್ಲಿ ಲೆಕ್ಕವಿದೆ, ಜ್ಯಾಮಿತಿಯಿದೆ, ಭಿನ್ನರಾಶಿಯಿದೆ. ಆದರೆ ಹೆಸರು ಹೇಳಿ ಒಪ್ಪಿಸುವುದಿಲ್ಲ. ನಾಲ್ಕು ವರ್ಷದ ಮಗು 'ಅರ್ಧ' ಎಂಬ ಪದವನ್ನು ಬರೆಯಲಾರದು. ಆದರೆ ಎರಡು ಅರ್ಧ ಸೇರಿದರೆ ಒಂದು ಇಡಿ ಎಂಬುದು ಅದರ ಬೆರಳುಗಳಿಗೆ ತಿಳಿದಿರುತ್ತದೆ. ಬೆರಳಿಗೆ ತಿಳಿದದ್ದನ್ನು ಮುಂದೆ ಬಾಯಿಗೆ, ಆಮೇಲೆ ಬಳಪಕ್ಕೆ ಕಲಿಸುವುದು ಸುಲಭ. ತಿರುಗುಮುರುಗು ಹೋದರೆ ಆಗುವುದು ಗಿಳಿಪಾಠ.

ಈ ಮರದ ತುಂಡುಗಳಿಗೆ ಒಂದು ದೊಡ್ಡ ಸಾಕ್ಷಿಯಿದೆ. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ನಡೆದ ಶತಮಾನೋತ್ಸವ ಪ್ರದರ್ಶನದಲ್ಲಿ ಒಬ್ಬ ತಾಯಿ ಫ್ರೋಬೆಲನ ಕೊಡುಗೆಗಳನ್ನು ಕಂಡು ತನ್ನ ಮಗನಿಗೆ ತಂದುಕೊಟ್ಟಳು. ಆ ಹುಡುಗ ಫ್ರಾಂಕ್ ಲಾಯ್ಡ್ ರೈಟ್. ಇಪ್ಪತ್ತನೆಯ ಶತಮಾನದ ಅಗ್ರಗಣ್ಯ ಕಟ್ಟಡಶಿಲ್ಪಿ. ಮುಪ್ಪಿನಲ್ಲೂ ಆ ಮರದ ತುಂಡುಗಳ ಸ್ಪರ್ಶ ತನ್ನ ಬೆರಳುಗಳಲ್ಲಿ ಉಳಿದಿದೆಯೆಂದು ಅವನು ನೆನೆಯುತ್ತಿದ್ದ.

1844ರಲ್ಲಿ ಫ್ರೋಬೆಲ್ ತಾಯಂದಿರಿಗಾಗಿ ಹಾಡು ಮತ್ತು ಬೆರಳಾಟಗಳ ಒಂದು ಸಚಿತ್ರ ಪುಸ್ತಕ ಪ್ರಕಟಿಸಿದ. ಹಳ್ಳಿಯ ತಾಯಂದಿರು ಕೂಸಿನ ಕೈ ಹಿಡಿದು ಆಡಿಸುವುದನ್ನು ನೋಡಿ ನೋಡಿ ಕಲಿತದ್ದೇ ಅದರ ಬಂಡವಾಳ. ನಮ್ಮ ಅಜ್ಜಿಯಂದಿರು ಮಗುವಿನ ಅಂಗೈಯಲ್ಲಿ ಬೆರಳಾಡಿಸಿ ಕಚಗುಳಿಯಿಡುತ್ತ ಒಂದೊಂದು ಬೆರಳಿಗೂ ಒಂದೊಂದು ಹೆಸರು ಕೊಡುವುದಿಲ್ಲವೇ, ಅಂಥದ್ದೇ. ಅವರ ಜಾಣ್ಮೆಯನ್ನು ವಿದ್ವಾಂಸನೊಬ್ಬ ಮೊದಲ ಬಾರಿಗೆ ಗ್ರಂಥಸ್ಥಗೊಳಿಸಿದನೆಂಬುದೇ ಇಲ್ಲಿನ ವಿಶೇಷ. ಅಷ್ಟೇ ಅಲ್ಲ, ಯುವತಿಯರನ್ನು ಕರೆದು ಶಿಶುಶಿಕ್ಷಣದ ತರಬೇತಿ ಕೊಡತೊಡಗಿದ. ಗೌರವಸ್ಥ ಮನೆತನದ ಹೆಣ್ಣು ಸಂಬಳಕ್ಕೆ ದುಡಿಯುವುದೇ ಅಪಚಾರವಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

1849ರಲ್ಲಿ ಬಾಡ್ ಲೀಬೆನ್‌ಸ್ಟೈನ್ ಎಂಬ ಬುಗ್ಗೆಸ್ನಾನದ ಊರಿಗೆ ಬಂದ ಶ್ರೀಮಂತ ಮನೆತನದ ಬೆರ್ತಾ ಫಾನ್ ಮಾರೆನ್‌ಹೋಲ್ಟ್ಸ್-ಬ್ಯೂಲೋ ಎಂಬ ಮಹಿಳೆಗೆ ಅಲ್ಲಿನವರು, ಹಳ್ಳಿಯ ಮಕ್ಕಳೊಡನೆ ಕುಣಿಯುವ ಮುದಿಹುಚ್ಚನೊಬ್ಬ ಬಂದಿದ್ದಾನೆಂದು ನಗುತ್ತ ಹೇಳಿದರು. ಆಕೆ ನೋಡಹೋದಳು. ನೆರೆತ ಉದ್ದಗೂದಲಿನ ಮುದುಕ, ಸುತ್ತ ಬರಿಗಾಲ ಮಕ್ಕಳು, ಎಲ್ಲರೂ ಹಾಡುತ್ತ ಗುಡ್ಡ ಏರುತ್ತಿದ್ದಾರೆ. ನಗುವುದಕ್ಕೆ ಬದಲು ಅವಳ ಕಣ್ಣು ತುಂಬಿತು. ಮುಂದೆ ಯೂರೋಪಿನ ದೇಶದೇಶಗಳಿಗೆ ಈ ವಿಚಾರವನ್ನು ಹೊತ್ತು ತಿರುಗಿದವಳು ಆಕೆಯೇ.

ಆದರೆ ಬಿರುಗಾಳಿ ಹತ್ತಿರವಾಗಿತ್ತು. 1848ರಲ್ಲಿ ಜರ್ಮನ್ ನಾಡುಗಳಲ್ಲೆಲ್ಲ ಕ್ರಾಂತಿ ಎದ್ದಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ರುಡೋಲ್‌ಸ್ಟಾಟ್‌ನಲ್ಲಿ ನೆರೆದ ಶಿಕ್ಷಕರು ಶಿಶುವಿಹಾರಗಳು ರಾಷ್ಟ್ರೀಯ ಶಿಕ್ಷಣದ ಭಾಗವಾಗಬೇಕೆಂದು ಬೇಡಿಕೆ ಇಟ್ಟಿದ್ದರು. ಕ್ರಾಂತಿ ಸೋತಿತು, ಅರಸೊತ್ತಿಗೆಗಳು ಮರಳಿ ಬಿಗಿಯಾದವು, ಕ್ರಾಂತಿಕಾರಿಗಳು ಮೆಚ್ಚಿದ್ದೆಲ್ಲವೂ ಅನುಮಾನಕ್ಕೆ ಗುರಿಯಾಯಿತು. ಇದೇ ಹೊತ್ತಿಗೆ ಫ್ರೋಬೆಲನ ಅಣ್ಣನ ಮಗ ಕಾರ್ಲ್ ಫ್ರೋಬೆಲ್, ಸ್ತ್ರೀಯರ ಉನ್ನತ ಶಿಕ್ಷಣ ಮತ್ತು ಶಿಶುವಿಹಾರಗಳ ಬಗ್ಗೆ ಒಂದು ಕಿರುಹೊತ್ತಗೆ ಬರೆದ. ಅವನ ವಿಚಾರಗಳು ಚಿಕ್ಕಪ್ಪನ ವಿಚಾರಗಳಿಗಿಂತ ಬೇರೆ. ಆದರೆ ಮನೆತನದ ಹೆಸರು ಒಂದೇ. ಪ್ರಷ್ಯದ ಶಿಕ್ಷಣ ಹಾಗೂ ಧಾರ್ಮಿಕ ವ್ಯವಹಾರಗಳ ಸಚಿವ ಫಾನ್ ರಾವ್ಮರ್ 1851ರ ಆಗಸ್ಟ್ 7ರಂದು ಆಜ್ಞೆ ಹೊರಡಿಸಿ, ಶಿಶುವಿಹಾರಗಳು ಫ್ರೋಬೆಲನ ಸಮಾಜವಾದಿ ವ್ಯವಸ್ಥೆಯ ಅಂಗವೆಂದೂ ಮಕ್ಕಳನ್ನು ನಾಸ್ತಿಕತೆಗೆ ತಯಾರು ಮಾಡುವವೆಂದೂ ಹೇಳಿ ರಾಜ್ಯದಾದ್ಯಂತ ನಿಷೇಧಿಸಿದ.

ಉಣ್ಣೆಯ ಚೆಂಡು, ಮರದ ಘನ, ವೃತ್ತದ ಹಾಡು ಇವುಗಳಿಗೆ ಒಂದು ಸಾಮ್ರಾಜ್ಯ ಹೆದರಿತು. ಹೆಸರಿನ ಗೊಂದಲವಿದೆಯೆಂದು ಫ್ರೋಬೆಲ್ ಸಚಿವನಿಗೆ ಬರೆದ, ದೊರೆಗೂ ಮನವಿ ಮಾಡಿದ, ಆಜ್ಞೆ ಬದಲಾಗಲಿಲ್ಲ. ಇದು ಬರಿಯ ಗೊಂದಲವಾಗಿರಲಿಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ. ಗೊಂದಲ ಬಗೆಹರಿದ ಮೇಲೂ ನಿಷೇಧ ಮುಂದುವರಿಯಿತಲ್ಲ. ಅಧಿಕಾರಕ್ಕೆ ಬೇಕಾಗಿದ್ದದ್ದು ಹೇಳಿದ್ದನ್ನು ಕೇಳುವ ಮಗು. ತಾನೇ ಕಟ್ಟಿ, ತಾನೇ ಕೆಡವಿ, ಮತ್ತೆ ಕಟ್ಟುವ ಮಗು ಅದಕ್ಕೆ ಅನುಮಾನಾಸ್ಪದ.

ನಾಸ್ತಿಕತೆಯ ಆರೋಪದ ಬಗ್ಗೆ ಒಬ್ಬ ಧರ್ಮಗುರುವಾಗಿ ನಾನೊಂದು ಮಾತು ಹೇಳಲೇಬೇಕು. ಫ್ರೋಬೆಲನ ದೇವಶಾಸ್ತ್ರ ನಿರ್ದೋಷವೆಂದು ನಾನು ವಾದಿಸಲಾರೆ. ಸೃಷ್ಟಿಯಲ್ಲೆಲ್ಲ ದೇವರ ಐಕ್ಯವನ್ನು ಕಾಣುವ ಅವನ ಬರಹ ಹಲವು ಕಡೆ ಸೃಷ್ಟಿ-ಸೃಷ್ಟಿಕರ್ತರ ಗೆರೆಯನ್ನು ಮಸುಕಾಗಿಸುತ್ತದೆ. ಪಾಪದ ವಿಷಯದಲ್ಲಿ ಅವನ ಮಾತು ನಮಗೆ ತೀರಾ ಹಗುರವೆನಿಸುತ್ತದೆ. ಆದರೆ ಅವನು ನಾಸ್ತಿಕನೆಂಬುದು ಅಪ್ಪಟ ಸುಳ್ಳು. ಪುಟಪುಟಕ್ಕೂ ದೇವರ ಹೆಸರೆತ್ತುವವನನ್ನು ನಾಸ್ತಿಕನೆಂದು ಕರೆದವರು ಅವನ ಪುಸ್ತಕ ತೆರೆದಿರಲಿಲ್ಲ. ಧರ್ಮರಕ್ಷಣೆಯ ಹೆಸರಿನಲ್ಲಿ ಆದ ಈ ಅನ್ಯಾಯದಿಂದ ಧರ್ಮಕ್ಕೆ ಎಳ್ಳಷ್ಟೂ ಲಾಭವಾಗಲಿಲ್ಲ.

ಮರುವರ್ಷ, 1852ರ ಜೂನ್ 21ರಂದು, ಎಪ್ಪತ್ತರ ಫ್ರೋಬೆಲ್ ಮಾರಿಯೆನ್‌ಥಾಲ್‌ನಲ್ಲಿ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಶ್ವೈನಾ ಎಂಬಲ್ಲಿರುವ ಅವನ ಸಮಾಧಿಯ ಮೇಲೆ ಗೆಳೆಯರು ನಿಲ್ಲಿಸಿದ ಕಲ್ಲು ಅವನ ಎರಡನೆಯ ಕೊಡುಗೆಯೇ: ಕೆಳಗೆ ಘನ, ಅದರ ಮೇಲೆ ಉರುಳೆ, ತುದಿಗೆ ಗುಂಡು.

ನಿಷೇಧದ ಪರಿಣಾಮ ನಿಷೇಧಿಸಿದವರು ಊಹಿಸದಂತಾಯಿತು. ದೇಶ ಬಿಟ್ಟು ಹೋದ ಜರ್ಮನರು ತೋಟದ ಬೀಜವನ್ನೂ ಒಯ್ದರು. ಲಂಡನ್ನಿನಲ್ಲಿ 1851ರಲ್ಲಿ ಮೊದಲ ಶಿಶುವಿಹಾರ ತೆರೆದವರು ಬೆರ್ತಾ ರೋಂಗೆ ಮತ್ತು ಅವಳ ಪತಿ ಯೋಹಾನ್ನೆಸ್ ರೋಂಗೆ. ಈ ಯೋಹಾನ್ನೆಸ್ ಹಿಂದೆ ಕಥೋಲಿಕ ಗುರುವಾಗಿದ್ದವನು. ಟ್ರಿಯರ್ ನಗರದ ಪವಿತ್ರ ಅಂಗಿಯ ಯಾತ್ರೆಯನ್ನು ಖಂಡಿಸಿ 1844ರಲ್ಲಿ ಧರ್ಮಸಭೆಯಿಂದ ಬಹಿಷ್ಕೃತನಾದವನು. ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆ 1855ರಲ್ಲಿ ಈ ಹೊಸ ಪದ್ಧತಿಯನ್ನು ಮೆಚ್ಚಿ ಲೇಖನ ಪ್ರಕಟಿಸಿತು. 1856ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಟರ್‌ಟೌನ್‌ನಲ್ಲಿ ಮಾರ್ಗರೆಥೆ ಶೂರ್ಜ್ ಎಂಬಾಕೆ ಮನೆಯಲ್ಲೇ ಜರ್ಮನ್ ಭಾಷೆಯ ಶಿಶುವಿಹಾರ ನಡೆಸಿದಳು; 1873ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸೂಸನ್ ಬ್ಲೋ ಸಾರ್ವಜನಿಕ ಶಾಲೆಯೊಳಗೆ ಶಿಶುವಿಹಾರ ತೆರೆದಳು. ನಮ್ಮ ಮನೆಗಳಲ್ಲಿ ಹುಟ್ಟುಹಬ್ಬದಂದು ಕೇಕಿನ ಮುಂದೆ ಹಾಡುವ ಹಾಡಿನ ರಾಗವೂ ಈ ಪರಂಪರೆಯದೇ: ಕೆಂಟಕಿಯ ಶಿಶುವಿಹಾರದ ಶಿಕ್ಷಕಿ ಪ್ಯಾಟಿ ಹಿಲ್ ಮತ್ತು ಅವಳ ಅಕ್ಕ ಮಿಲ್ಡ್ರೆಡ್ 1893ರಲ್ಲಿ ಪ್ರಕಟಿಸಿದ, ಬೆಳಗಿನ ಹೊತ್ತು ಮಕ್ಕಳನ್ನು ಸ್ವಾಗತಿಸುವ ಹಾಡಿನ ರಾಗ ಅದು.

ಆದರೆ ಹೊರಗಿನ ಶತ್ರುವಿಗಿಂತ ಒಳಗಿನ ಭಕ್ತರೇ ಹೆಚ್ಚು ಹಾನಿ ಮಾಡಿದರೆನ್ನಬೇಕು. ಫ್ರೋಬೆಲನ ಅನುಯಾಯಿಗಳು ಅವನ ಕೊಡುಗೆಗಳನ್ನು ಪೂಜಾಸಾಮಗ್ರಿಗಳಂತೆ ಮಾಡಿಕೊಂಡರು. ಚೌಕಳಿ ಗೆರೆ ಎಳೆದ ಮೇಜಿನ ಮುಂದೆ ಮಕ್ಕಳು ಸಾಲಾಗಿ ಕೂತು, ಶಿಕ್ಷಕಿ ಹೇಳಿದ ಕ್ರಮದಲ್ಲೇ, ಹೇಳಿದ ಗೆರೆಯ ಮೇಲೇ ಘನ ಇಡಬೇಕು. ಆಟದ ವಸ್ತು ಉಳಿಯಿತು, ಆಟ ಹಾರಿಹೋಯಿತು. ಅಮೆರಿಕದಲ್ಲಿ ಜಾನ್ ಡ್ಯೂಯಿ ಮುಂತಾದವರು ಇದನ್ನು ಕಟುವಾಗಿ ಟೀಕಿಸಿದರು. ಫ್ರೋಬೆಲನಲ್ಲೇ ಈ ಬಿಗಿತದ ಬೀಜವಿತ್ತೆಂಬುದೂ ನಿಜ. ಪ್ರತಿ ಆಕೃತಿಗೂ ಗೂಢಾರ್ಥ ಹಚ್ಚುವ ಚಟ ಅವನಿಗಿತ್ತು. ಚೆಂಡಿನಲ್ಲಿ ಅವನು ವಿಶ್ವದ ಐಕ್ಯವನ್ನು ಕಂಡ. ಮಗು ಚೆಂಡನ್ನು ಕಂಡಿತು. ಮಗುವಿನ ಕಾಣ್ಕೆಯೇ ಸಾಕಾಗಿತ್ತು.

ಮುಂದಿನ ಹೆಜ್ಜೆ ಇಟ್ಟವರು ಮರಿಯಾ ಮಾಂಟೆಸ್ಸೊರಿ. ವೈದ್ಯೆಯಾಗಿದ್ದ ಅವರು 1907ರ ಜನವರಿ 6ರಂದು, ಪ್ರಭುಪ್ರಕಟಣೆಯ ಹಬ್ಬದ ದಿನ, ರೋಮಿನ ಬಡವರ ಬಡಾವಣೆಯಾದ ಸಾನ್ ಲೊರೆಂಜೊದಲ್ಲಿ 'ಮಕ್ಕಳ ಮನೆ'ಯನ್ನು ತೆರೆದರು. ಆಟ ಎಂಬ ಪದ ಅವರಿಗೆ ಅಷ್ಟು ಪ್ರಿಯವಲ್ಲ. ಗೊಂಬೆಗಳನ್ನೂ ಉಪಕರಣಗಳನ್ನೂ ಒಟ್ಟಿಗೆ ಇಟ್ಟಾಗ ಮಕ್ಕಳು ಗೊಂಬೆ ಬಿಟ್ಟು ಉಪಕರಣ ಹಿಡಿದರೆಂದು ಬರೆದ ಅವರು ಮಗುವಿನ ಚಟುವಟಿಕೆಯನ್ನು 'ಕೆಲಸ' ಎಂದರು. ಕಥೆ, ಕಲ್ಪನೆ, ಸುಳ್ಳುಸುಳ್ಳೇ ಅಡುಗೆ ಮಾಡುವ ಆಟ ಇವಕ್ಕೆ ಅವರು ಕೊಟ್ಟ ಸ್ಥಾನ ಕಡಿಮೆಯಾಯಿತೆಂಬುದು ನನ್ನ ಅನಿಸಿಕೆ. ಆದರೂ ಮಗು ತಾನೇ ಆರಿಸಿಕೊಳ್ಳಬೇಕು, ಕೈಯಿಂದ ಕಲಿಯಬೇಕು, ದೊಡ್ಡವರು ನಡುವೆ ಬಾಯಿ ಹಾಕಬಾರದು ಎಂಬಲ್ಲಿ ಇಬ್ಬರೂ ಒಂದೇ. 1939ರ ನವೆಂಬರ್‌ನಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದು ಸುಮಾರು 300 ಮಂದಿಗೆ ತರಬೇತಿ ನೀಡಿದರು. ಯುದ್ಧದಲ್ಲಿ ಇಟಲಿ ಬ್ರಿಟನ್ನಿನ ಶತ್ರುವಾದ್ದರಿಂದ ಮಗ ಮಾರಿಯೋನನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು. 1940ರ ಆಗಸ್ಟ್ 31ರಂದು, ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ, ಬಿಡುಗಡೆ ಮಾಡಿತು. ಕೊಡೈಕನಾಲಿನಲ್ಲಿ ಮಕ್ಕಳೊಡನೆ ಕೆಲವು ವರ್ಷ ಕಳೆದ ಆಕೆ 1952ರ ಮೇ ತಿಂಗಳಲ್ಲಿ ಹಾಲೆಂಡಿನಲ್ಲಿ ನಿಧನರಾದರು.

ಅದಕ್ಕೂ ಮೊದಲೇ ನಮ್ಮ ದೇಶದಲ್ಲಿ ಈ ವಿಚಾರಕ್ಕೆ ನೆಲದ ಬೇರು ಸಿಕ್ಕಿತ್ತು. ವಕೀಲಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದರು. ಹೊಡೆತವಿಲ್ಲದ, ಕಥೆ-ಆಟಗಳ ಶಾಲೆ. ಅವರೊಡನೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ, ಆಮೇಲೆ ಶಿಷ್ಯೆ ಅನುತಾಯಿ ವಾಘ್ ಅವರೊಡನೆ ಕೋಸಬಾಡದಲ್ಲಿ, ಆದಿವಾಸಿ ಮಕ್ಕಳಿಗಾಗಿ ಕೆಲಸ ಮಾಡಿದರು. ವಿದೇಶಿ ಉಪಕರಣಕ್ಕೆ ಹಣವಿಲ್ಲ. ಕಪ್ಪೆಚಿಪ್ಪು, ಬೀಜ, ಎಲೆ, ಕಡ್ಡಿ, ಮಣ್ಣೇ ಉಪಕರಣವಾದವು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ಅಂಗಳದ ಆ ಕಲ್ಪನೆಯನ್ನು ಹೆಸರಿನಲ್ಲೇ ಹೊತ್ತ ಅಂಗನವಾಡಿಗಳನ್ನು 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಯೋಜನಾ ಕ್ಷೇತ್ರಗಳಲ್ಲಿ ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ.

ಹೀಗಿರುವಾಗ ನಮ್ಮ ಕೆ.ಜಿ.ಗಳು ಬರೆಯುವ ಕಾರ್ಖಾನೆಗಳಾದದ್ದೇಕೆ? ಪೋಷಕರನ್ನು ಬೈದು ಮುಗಿಸುವುದು ಸುಲಭ, ಅದು ನ್ಯಾಯವಲ್ಲ. ತಾವು ಕಲಿಯಲಾಗದ ಇಂಗ್ಲಿಷನ್ನು ಮಗು ಕಲಿಯಲೆಂದು ತೋಟದಲ್ಲಿ, ಗಾರ್ಮೆಂಟ್ಸಿನಲ್ಲಿ, ಕೊಲ್ಲಿ ದೇಶದಲ್ಲಿ ದುಡಿದು ಶುಲ್ಕ ಕಟ್ಟುವ ತಾಯಿ-ತಂದೆ ತಮ್ಮ ಹಣಕ್ಕೆ ಕಣ್ಣಿಗೆ ಕಾಣುವ ಫಲ ಕೇಳುತ್ತಾರೆ. ತುಂಬಿದ ಪುಸ್ತಕ ಕಣ್ಣಿಗೆ ಕಾಣುತ್ತದೆ. ಮಣ್ಣಾದ ಅಂಗಿ ಫಲದಂತೆ ಕಾಣುವುದಿಲ್ಲ. ಶಾಲೆಯವರಿಗೂ ಇದು ಗೊತ್ತು. ಪಕ್ಕದ ಶಾಲೆ ಮೂರಕ್ಕೆ ಬರೆಸಿದರೆ ಇವರು ಎರಡೂವರೆಗೆ ಬರೆಸುತ್ತಾರೆ. ನಮ್ಮ ಕ್ರೈಸ್ತ ಶಾಲೆಗಳು ಈ ಓಟದಿಂದ ಹೊರಗಿವೆಯೆಂದು ಹೇಳುವ ಧೈರ್ಯ ನನಗಿಲ್ಲ. 1993ರಲ್ಲೇ ಯಶಪಾಲ್ ಸಮಿತಿಯು ಶಿಶುಶಾಲೆಗಳಲ್ಲಿ ಓದು-ಬರಹ-ಲೆಕ್ಕವನ್ನು ಹೇರುವುದು ಹಿಂಸೆಯೆಂದೂ, ಪ್ರವೇಶಕ್ಕಾಗಿ ಪರೀಕ್ಷೆ-ಸಂದರ್ಶನ ನಿಲ್ಲಬೇಕೆಂದೂ ಹೇಳಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರವೇಶದ ವೇಳೆ ಮಗುವನ್ನೋ ಪೋಷಕರನ್ನೋ ಸೋಸುವುದನ್ನು ನಿಷೇಧಿಸಿತು. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟವನ್ನೇ ಕಲಿಕೆಯ ನಡುಮನೆಯಲ್ಲಿ ಕೂರಿಸಿತು. ಕಾಗದದ ಮೇಲೆ ಫ್ರೋಬೆಲ್ ಗೆದ್ದಿದ್ದಾನೆ.

ಆಟದಿಂದ ಏನು ಸಿಗುತ್ತದೆಂದು ಕೇಳುವ ತಂದೆಗೆ ಉತ್ತರವಿದೆ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಪುಟ್ಟ ಮೂಳೆಗಳು ಇನ್ನೂ ಮೆದು ಎಲುಬಿನಿಂದ ಗಟ್ಟಿಯಾಗುತ್ತಿರುವ ಹಂತದಲ್ಲಿರುತ್ತವೆ; ಪೆನ್ಸಿಲ್ ಹಿಡಿಯುವ ಬಲ ಬರುವುದು ಹಿಟ್ಟು ನಾದುವುದರಿಂದ, ಮಣಿ ಪೋಣಿಸುವುದರಿಂದ, ಮರಳು ಅಗೆಯುವುದರಿಂದ. ರಷ್ಯದ ಮನೋವಿಜ್ಞಾನಿ ವೈಗಾಟ್ಸ್ಕಿ 1933ರ ಒಂದು ಉಪನ್ಯಾಸದಲ್ಲಿ ಇನ್ನೂ ಆಳದ ಮಾತೊಂದನ್ನು ವಿವರಿಸಿದ. ಕೋಲನ್ನೇ ಕುದುರೆ ಮಾಡಿ ಓಡುವ ಮಗು ಕಣ್ಣೆದುರಿನ ವಸ್ತುವಿನಿಂದ ಅರ್ಥವನ್ನು ಬಿಡಿಸಿ ಬೇರೆಯದಕ್ಕೆ ತೊಡಿಸುತ್ತಿದೆ. ಅಕ್ಷರವೆಂದರೂ ಅದೇ ತಾನೇ, ಗೆರೆಯೊಂದು ದನಿಯಾಗಿ ನಿಲ್ಲುವುದು? ಮತ್ತೆ, ಅಂಗಡಿಯಾಟದಲ್ಲಿ ಅಂಗಡಿಯವನಾದ ಮಗು ತನ್ನ ಸರದಿ ಬರುವವರೆಗೆ ಕಾಯುತ್ತದೆ, ಮಿಠಾಯಿಯೆಂದು ಇಟ್ಟದ್ದನ್ನು ತಿನ್ನದೆ ತಡೆದುಕೊಳ್ಳುತ್ತದೆ. ಗದರಿಸಿ ಎರಡು ನಿಮಿಷ ಕೂರಿಸಲಾಗದ ಮಗು ಆಟದ ನಿಯಮಕ್ಕೆ ಅರ್ಧ ಗಂಟೆ ತಾನಾಗಿ ಮಣಿಯುತ್ತದೆ.

ಇದಕ್ಕೆ ಜರ್ಮನಿಯ ಪೆಟ್ಟಿಗೆ ತರಿಸಬೇಕಾಗಿಲ್ಲ. ಅಟ್ಟದ ಮೇಲೆ ಹಳೆಯ ಚನ್ನೆಮಣೆ ಇದ್ದರೆ ಈ ರಜೆಯಲ್ಲಿ ಕೆಳಗಿಳಿಸಿ ಧೂಳು ಒರೆಸಿ. ಕಡೆಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಳು. ಮಂಜೊಟ್ಟಿ ಕಾಳು ಸಿಗದಿದ್ದರೆ ಹುಣಸೆಬೀಜ ಸಾಕು. ತೀರಾ ಚಿಕ್ಕ ಮಗುವಾದರೆ ನಿಯಮ ಹೇಳಿಕೊಡಲು ಹೋಗಬೇಡಿ. ಮೊದಲು ಒಂದೊಂದೇ ಕಾಳನ್ನು ಒಂದೊಂದೇ ಗುಳಿಗೆ ಹಾಕುತ್ತ ಹೋಗಲಿ. ಕಾಳು ಬಾಯಿಗೆ ಹೋಗದಂತೆ ಮಾತ್ರ ಪಕ್ಕದಲ್ಲಿ ಅಜ್ಜಿಯೊಬ್ಬರು ಕೂತಿರಲಿ.